ಮೂರನೇ ಗುಂಡಿ

ಆ ಚಿತ್ರದಲ್ಲಿ ನಮ್ಮಪ್ಪನ ಮುಖ ನಾಲ್ಕು ನಿಮಿಷ ಇದೆ. ಕಾಲು ಇಲ್ಲ. ಕಾಲು ಸುಣ್ಣದ ನೀರಿನೊಳಗಿತ್ತು.

ಮುಖ ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಎಲ್ಲೆಲ್ಲಿಂದಲೋ ಬಹುಮಾನ ಬಂತು. ಆ ಮುಖವನ್ನು ಆಳೆತ್ತರಕ್ಕೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು. ಕಾಲು ನೋಡಿದವರು ನಾಲ್ಕೈದು ಜನ. ಹಾಗಾಗಿ ಕಾಲಿನ ಕಥೆಯನ್ನು ನಾನು ಹೇಳಬೇಕು. ಚೆಂದ ಮಾಡಿ ಹೇಳುವುದು ನನಗೆ ಬರುವುದಿಲ್ಲ. ಚೆಂದ ಮಾಡುವವರು ಬಂದು ಮಾಡಿ ಹೋಗಿಯಾಗಿದೆ.

ನಾನು ತೊಗಲು ಹದ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಉಪ್ಪು ಹಾಕಿ ಮಡಿಸಿದ ಹಸಿ ತೊಗಲು ಲಾರಿಯಲ್ಲಿ ಬರುತ್ತದೆ. ಅದನ್ನು ನೆನೆಸಬೇಕು, ಸುಣ್ಣಕ್ಕೆ ಹಾಕಿ ಕೂದಲು ಸಡಿಲ ಮಾಡಬೇಕು, ಒಳಮೈಗೆ ಅಂಟಿದ ಮಾಂಸ, ಕೊಬ್ಬು ಹೆರೆಯಬೇಕು. ನನ್ನದು ಹೆರೆಯುವ ಕೆಲಸ. ಹತ್ತೊಂಬತ್ತು ವರ್ಷವಾಯಿತು. ನನ್ನ ವಾಸನೆ ನನಗೆ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಎದ್ದುಹೋದಾಗ ಗೊತ್ತಾಗುತ್ತದೆ.

ಮೊದಲು ಸುಣ್ಣದ ಕೆಲಸವೆಲ್ಲ ಗುಂಡಿಯಲ್ಲೇ ನಡೆಯುತ್ತಿತ್ತು. ಹಳೇ ಶೆಡ್ಡಿನಲ್ಲಿ ಸಾಲಾಗಿ ಐದು ಗುಂಡಿ. ಒಬ್ಬರು ಒಳಗಿಳಿದು, ಮೊಣಕಾಲು ಮುಳುಗುವ ಸುಣ್ಣದ ನೀರಿನಲ್ಲಿ ನಿಂತು, ತೊಗಲನ್ನು ಕೈಯಲ್ಲಿ ಎಳೆದು ಮಗುಚಬೇಕು. ಒದ್ದೆ ತೊಗಲು ಎಂದರೆ ಹೆಣಭಾರ. ಆ ಕೆಲಸದಲ್ಲಿ ಮೊದಲು ಉಗುರು ಹೋಗುತ್ತದೆ. ಆಮೇಲೆ ಬೆರಳಿನ ಗೆರೆ ಹೋಗುತ್ತದೆ. ನಮ್ಮಪ್ಪ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿಯ ಮಚ್ಚೆ ಬೀಳುತ್ತದೆ. ಬ್ಯಾಂಕಿನಲ್ಲಿ ಅವನನ್ನು ನೋಡಿ ನೀನು ನೀನೇ ಅನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದ್ದರು.

ಏಳು ವರ್ಷದ ಹಿಂದೆ, ನನ್ನ ಜೊತೆ ಕೆಲಸ ಮಾಡುವ ದಪ್ಪಕ್ಕನ ಗಂಡ ಮೂರನೇ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ತಳದ ಕೆಸರು ಕೆದಕಿದಾಗ ವಿಷದ ಗಾಳಿ ಎದ್ದಿತ್ತು. ತೊಗಲು ಎಳೆಯುವ ಕೊಕ್ಕೆಯಲ್ಲೇ ಅವನನ್ನು ಎಳೆದು ಹಾಕಿದೆವು. ಅವತ್ತು ಗೇಟಿನ ಮುಂದೆ ಕೂತವರು ಇಪ್ಪತ್ತಾರು ದಿನ ಏಳಲಿಲ್ಲ. ಪೊಲೀಸರು ಬಂದರು, ಬೈದರು, ಎಳೆದಾಡಿದರು. ಕೊನೆಗೆ ಮಾಲೀಕ ಕಾಗದಕ್ಕೆ ಸಹಿ ಹಾಕಿದ. ಎಲ್ಲರಿಗೂ ಕೈಗವಸು, ರಬ್ಬರ್ ಬೂಟು. ಇನ್ನು ಯಾರನ್ನೂ ಗುಂಡಿಗೆ ಇಳಿಸುವಂತಿಲ್ಲ. ಐದೂ ಗುಂಡಿಗಳ ಮೇಲೆ ಕಲ್ಲುಚಪ್ಪಡಿ ಬಿತ್ತು. ಸುಣ್ಣದ ಕೆಲಸಕ್ಕೆ ತಿರುಗುವ ಡ್ರಮ್ಮುಗಳು ಬಂದವು. ಆ ಇಪ್ಪತ್ತಾರು ದಿನದಲ್ಲಿ ದಪ್ಪಕ್ಕ ಕಡ್ಡಿಯಾದಳು. ಹೆಸರು ಮಾತ್ರ ದಪ್ಪವಾಗಿಯೇ ಉಳಿದಿದೆ.

ಚಪ್ಪಡಿ ಎಳೆದ ದಿನ ಎಲ್ಲರೂ ನಕ್ಕರು. ನಮ್ಮಪ್ಪ ನಗಲಿಲ್ಲ. ಅವನಿಗೆ ಗುಂಡಿಯೇ ಮರ್ಯಾದೆ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಸುಣ್ಣ ಎಷ್ಟು ಚುರುಕಾಗಿದೆ, ತೊಗಲು ಇನ್ನೆಷ್ಟು ದಿನ ಇರಬೇಕು ಎಂದು ಹೇಳಿಬಿಡುತ್ತಿದ್ದ. ಅದಕ್ಕೇ ಅವನನ್ನು ಎಲ್ಲರೂ ನಾಲಿಗೆ ಅನ್ನುತ್ತಿದ್ದರು. ಡ್ರಮ್ಮಿಗೆ ನಾಲಿಗೆ ಬೇಕಾಗಿರಲಿಲ್ಲ. ಅವನ ಕೈಗೆ ಪೊರಕೆ ಕೊಟ್ಟರು. ಐದು ವರ್ಷ ಉದುರಿದ ಕೂದಲು ಗುಡಿಸಿ, ಆಮೇಲೆ ಮನೆ ಸೇರಿದ. ಮನೆಯಲ್ಲಿ ಗೋಡೆ ನೋಡುತ್ತಾ ಕೂರುತ್ತಿದ್ದ.

ಅಂಥ ಹೊತ್ತಿನಲ್ಲಿ ಅವಳು ಬಂದಳು. ಡೈರೆಕ್ಟರಮ್ಮ. ಆಗ ನಾನೂ ಅವರು, ಇವರು ಎಂದೇ ಮಾತಾಡಿಸುತ್ತಿದ್ದೆ. ಕಳೆದುಹೋಗುತ್ತಿರುವ ಕಸುಬುಗಳ ಬಗ್ಗೆ, ಸೋಲೊಪ್ಪದ ಜನರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಾಳಂತೆ. ನಮ್ಮ ಓಣಿಗೆ ಬಂದವರೆಲ್ಲ ಮೊದಲು ಮೂಗು ಮುಚ್ಚುತ್ತಾರೆ. ಅವಳು ಮುಚ್ಚಲಿಲ್ಲ. ಒಳಗೆ ಬಂದಳು, ನೆಲದ ಮೇಲೆ ಕೂತಳು, ನಮ್ಮ ಲೋಟದಲ್ಲಿ ನೀರು ಕುಡಿದಳು. ನಾವು ಮೋಸ ಹೋಗಿದ್ದು ಅಲ್ಲೇ.

ಅಪ್ಪನ ಹತ್ತಿರ ಮೂರು ದಿನ ಕೂತು ಸುಣ್ಣದ ವಿಷಯ ಕೇಳಿದಳು. ನಲವತ್ತು ವರ್ಷ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕೆಲಸ ಆಯ್ತಾ ಅಂತ ಮಾತ್ರ ಕೇಳುತ್ತಿದ್ದರು. ಮೂರನೇ ದಿನ ಅವನು ಗಡ್ಡ ಬೋಳಿಸಿಕೊಂಡ. ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕಾದು ಕೂತ. ನನಗೂ ಒಳಗೊಳಗೆ ಸಂತೋಷವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಈ ವಯಸ್ಸಲ್ಲಿ ಹೀರೋ ಆದೆಯಲ್ಲಪ್ಪಾ ಎಂದು ರೇಗಿಸಿದೆ. ಅವನು ನಾಚಿಕೊಂಡ.

ಆಮೇಲೆ ಅವಳಿಗೆ ಗುಂಡಿ ಬೇಕಾಯಿತು. ಡ್ರಮ್ಮು ತೋರಿಸಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲವಂತೆ. ತಾತ ಗುಂಡಿಗೆ ಇಳಿದು ತೊಗಲು ಮಗುಚುವುದನ್ನು ಜನ ನೋಡಬೇಕಂತೆ. ಮಾಲೀಕ ಎರಡು ಮಾತಾಡದೆ ಒಪ್ಪಿದ. ಹಳೇ ಶೆಡ್ಡಿಗೆ ಹೋಗಿ ನೋಡಿ, ಮೂರನೇ ಗುಂಡಿ ತೆಗೆಸಿ ಎಂದಳು. ಅದರ ಮೇಲೆ ಸೂರಿನ ತಗಡು ಹರಿದಿದೆ, ಬಿಸಿಲು ಓರೆಯಾಗಿ ಬೀಳುತ್ತದೆ. ಅಷ್ಟೇ ಕಾರಣ.

ಅದು ನನ್ನ ಗಂಡ ಸತ್ತ ಜಾಗ ಎಂದಳು ದಪ್ಪಕ್ಕ. ಡೈರೆಕ್ಟರಮ್ಮ ಅವಳ ಕೈ ಹಿಡಿದುಕೊಂಡು ಅತ್ತಳು. ನಿಜವಾಗಿಯೇ ಅತ್ತಳು. ಅತ್ತು ಮುಗಿಸಿ, ಅದೇ ಗುಂಡಿ ಇರಲಿ, ಅವರಿಗೂ ಗೌರವ ಕೊಟ್ಟ ಹಾಗಾಗುತ್ತೆ ಎಂದಳು.

ನಾನು ಕಾಗದದ ಮಾತೆತ್ತಿದೆ. ಯಾರೂ ಇಳಿಯಬಾರದು ಎಂದು ಸಹಿ ಆಗಿದೆ ಎಂದೆ. ಅವಳು ನಕ್ಕು, ಸುಣ್ಣ ಎಲ್ಲಿ ಹಾಕುತ್ತೇವೆ, ಬರೀ ನೀರಿಗೆ ಸೀಮೆಸುಣ್ಣದ ಪುಡಿ ಕಲಸುತ್ತೇವೆ, ನೋಡುವುದಕ್ಕೆ ಬೆಳ್ಳಗಿದ್ದರೆ ಸಾಕು ಎಂದಳು. ತಳದ ಕೆಸರನ್ನೂ ತೆಗೆಸಿದಳು. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಚಿತ್ರ ತೆಗೆಯುವ ದಿನ ನನ್ನನ್ನೂ ಗುಂಡಿಯ ಅಂಚಿನಲ್ಲಿ ನಿಲ್ಲಿಸಿದರು. ಮಗಳು ತೊಗಲು ಕೊಡಬೇಕು, ಅಪ್ಪ ತೆಗೆದುಕೊಳ್ಳಬೇಕು. ಡೈರೆಕ್ಟರಮ್ಮ ನನ್ನ ಕೈ ನೋಡಿ, ಕೈಗವಸು, ಬೂಟು ತೆಗೆಯಿರಿ ಎಂದಳು. ಈ ನೀಲಿ ರಬ್ಬರ್ ಕಣ್ಣಿಗೆ ಹೊಡೆಯುತ್ತೆ, ಪರಂಪರೆ ಅನ್ನಿಸುವುದಿಲ್ಲ ಎಂದಳು.

"ಇಪ್ಪತ್ತಾರು ದಿನ ಬಿಸಿಲಲ್ಲಿ ಕೂತು ತಗೊಂಡಿದ್ದು ಮೇಡಂ ಇದು. ನಮ್ಮ ಪರಂಪರೆ ಇದೇ. ತೆಗೆಯಲ್ಲ."

ಅವಳ ಮುಖ ಸಣ್ಣಗಾಯಿತು. ಅಪ್ಪ ಎಲ್ಲರ ಎದುರಿಗೇ ನನಗೆ ಬೈದ. ಮನೆಗೆ ಬಂದು ನೀರು ಕುಡಿದವರ ಮುಂದೆ ಮಾನ ಕಳೆಯಬೇಡ ಎಂದ. ಇಷ್ಟವಿಲ್ಲದಿದ್ದರೆ ಹೋಗು ಎಂದ. ನಾನು ಹೋದೆ. ಬುಸುಗುಟ್ಟುತ್ತಾ ಹೊಸ ಶೆಡ್ಡಿಗೆ ಹೋಗಿ ನನ್ನ ಮೆಷಿನ್ನಿನ ಮುಂದೆ ನಿಂತೆ. ಅಲ್ಲೇ ನಿಂತಿದ್ದರೆ ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯುತ್ತಿತ್ತು. ಈಗ ಎಷ್ಟು ಅಂದುಕೊಂಡರೇನು. ಕೋಪ ಮಾಡಿಕೊಂಡು ಹೋದವಳು ನಾನೇ.

ಮುಂದಿನದನ್ನು ಅಪ್ಪ ಆಸ್ಪತ್ರೆಯಲ್ಲಿ ತುಂಡುತುಂಡಾಗಿ ಹೇಳಿದ.

ಚಿತ್ರದವರು ಊಟಕ್ಕೆ ಹೋದರು. ಅಪ್ಪ ಗುಂಡಿಯ ಹತ್ತಿರ ಒಬ್ಬನೇ ಉಳಿದ. ಅಭ್ಯಾಸಬಲ, ಬೆರಳು ಅದ್ದಿ ನಾಲಿಗೆಗೆ ಇಟ್ಟ. ಚಪ್ಪೆ. ಸೀಮೆಸುಣ್ಣಕ್ಕೆ ಎಲ್ಲಿಯ ಚುರುಕು. ಈ ನೀರಲ್ಲಿ ತೊಗಲು ಮಗುಚಿದರೆ, ನಾಳೆ ಕಸುಬು ಗೊತ್ತಿರುವವನು ಯಾರಾದರೂ ಈ ಚಿತ್ರ ನೋಡಿದರೆ, ತೊಗಲು ಉಬ್ಬಿಲ್ಲ, ಕೂದಲು ಬಿಟ್ಟಿಲ್ಲ, ಈ ಮುದುಕನಿಗೆ ಏನು ಗೊತ್ತು ಎಂದು ನಗುವುದಿಲ್ಲವೇ? ಅವನಿಗೆ ಹತ್ತಿದ ಚಿಂತೆ ಅದು. ಹೋಗಿ ಗೋದಾಮಿನಿಂದ ಸುಣ್ಣದ ಹರಳಿನ ಚೀಲ ಎಳೆದು ತಂದ. ಗುಂಡಿಗೆ ಸುರಿದ. ನೀರು ಕೊತಕೊತ ಕುದಿಯಿತು. ಕೋಲಾಡಿಸಿ, ಆರುವುದಕ್ಕೆ ಬಿಟ್ಟು, ನಾಲಿಗೆಗೆ ಮುಟ್ಟಿಸಿದ. ಇನ್ನೂ ಚಪ್ಪೆ ಅನ್ನಿಸಿತು. ಇನ್ನೊಂದು ಚೀಲ ತಂದ. ನಲವತ್ತು ವರ್ಷ ಸುಣ್ಣ ನೆಕ್ಕಿದ ನಾಲಿಗೆ ಯಾವತ್ತೋ ಸತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಗುಂಡಿ ಮುಚ್ಚಿದ ಮೇಲೆ ಅವನ ಕೈಗೆ ಸಿಕ್ಕಿದ್ದು ಬರೀ ಪೊರಕೆ.

ಗುಂಡಿಯವರು ಇಳಿಯುವ ಮುಂಚೆ ಕಾಲಿಗೆ ತೊಡೆಯವರೆಗೆ ದಪ್ಪಗೆ ಎಣ್ಣೆ ಬಳಿದುಕೊಳ್ಳುತ್ತಾರೆ. ಎಣ್ಣೆ ಇದ್ದರೆ ಸುಣ್ಣ ಬೇಗ ಕಚ್ಚುವುದಿಲ್ಲ. ಅಪ್ಪ ಅದನ್ನೂ ಮರೆಯಲಿಲ್ಲ. ಬಳಿದುಕೊಂಡು ಸಿದ್ಧನಾಗಿ ಕೂತಿದ್ದ. ಊಟ ಮುಗಿಸಿ ಬಂದ ಕ್ಯಾಮೆರಾದವನು, ಕಾಲು ಮಿರಿಮಿರಿ ಹೊಳೆಯುತ್ತಿದೆ, ಬೆಳಕು ಹೊಡೆಯುತ್ತೆ ಎಂದನಂತೆ. ಮೇಕಪ್ಪಿನವನು ಸೋಪಿನ ನೀರು, ಬಟ್ಟೆ ತಂದು ಅಪ್ಪನ ಎರಡೂ ಕಾಲನ್ನು ಒರೆಸಿದ. ಚೂರೂ ಜಿಡ್ಡು ಉಳಿಯದ ಹಾಗೆ, ಪಾದದಿಂದ ತೊಡೆಯವರೆಗೆ.

ಒಂದು ಮಾತು ಹೇಳಬಾರದಿತ್ತಾ ಎಂದು ನಾನು ಕೇಳಿದೆ. ಸುಣ್ಣ ಹಾಕಿದ್ದು ಗೊತ್ತಾದರೆ ಬೈಯುತ್ತಾರೆ, ಚಿತ್ರ ನಿಲ್ಲಿಸುತ್ತಾರೆ ಅಂದುಕೊಂಡನಂತೆ. ಅಲ್ಲದೆ ಒಬ್ಬ ದೊಡ್ಡ ಮನುಷ್ಯ ಬಗ್ಗಿ ಅವನ ಕಾಲು ಒರೆಸುತ್ತಿದ್ದ. ಹುಟ್ಟಿದ ಮೇಲೆ ಅವನ ಕಾಲನ್ನು ಹಾಗೆ ಯಾರೂ ಮುಟ್ಟಿರಲಿಲ್ಲ. ಹೇಗೆ ಬೇಡ ಅನ್ನಲಿ ಎಂದ.

ಒಂದೂವರೆ ಗಂಟೆ ನಿಲ್ಲಿಸಿದರು. ಬಿಸಿಲು ಸರಿದಂತೆ ಕ್ಯಾಮೆರಾ ಸರಿಸಿದರು. ಅಪ್ಪ ಕಚ್ಚಿದ ಹಲ್ಲು ಬಿಡಲಿಲ್ಲ. ಕಣ್ಣಂಚಿನಲ್ಲಿ ನೀರು ಬಂತು, ಬಾಯಿ ಸೊಟ್ಟಗಾಯಿತು, ಕುತ್ತಿಗೆಯ ನರ ಎದ್ದವು. ಹಾಗೇ ಇರಿ ತಾತ, ಅಲ್ಲಾಡಬೇಡಿ ಎಂದು ಡೈರೆಕ್ಟರಮ್ಮ ಪಿಸುಗುಟ್ಟಿದಳಂತೆ. ಅವನು ಅಲ್ಲಾಡಲಿಲ್ಲ.

ಮೇಲೆ ಬಂದವನು ಎರಡು ಹೆಜ್ಜೆ ಇಟ್ಟು ಬಿದ್ದ. ದಪ್ಪಕ್ಕ ಕೂಗಿದ್ದು ನನ್ನ ಮೆಷಿನ್ನಿನ ಸದ್ದನ್ನೂ ದಾಟಿ ಕೇಳಿಸಿತು. ನಾನು ಓಡಿ ಬರುವಷ್ಟರಲ್ಲಿ ಅವಳು ಕೊಡ ಕೊಡ ನೀರು ಸುರಿಯುತ್ತಿದ್ದಳು. ನೀರು ಬಿದ್ದ ಹಾಗೆ ಮೊಣಕಾಲಿನ ಕೆಳಗಿನ ಚರ್ಮ ಕಾಲುಚೀಲದ ಹಾಗೆ ಜಾರಿತು. ಒಂದು ಕೂದಲೂ ಉಳಿದಿರಲಿಲ್ಲ. ನಾವು ದಿನಾ ತೊಗಲಿಗೆ ಮಾಡುವ ಕೆಲಸವೆಲ್ಲ ನಮ್ಮಪ್ಪನ ಮೇಲೆ ಆಗಿತ್ತು. ಆಗ ಕ್ಯಾಮೆರಾ ನಿಲ್ಲಿಸಿದ್ದರು. ಮರ್ಯಾದಸ್ಥರು ನೋಡಿ.

ಅಪ್ಪ ಏಳು ವಾರ ಆಸ್ಪತ್ರೆಯಲ್ಲಿದ್ದ. ಎಡಗಾಲಿನ ಮೂರು ಬೆರಳು ತೆಗೆದರು. ಬಲಗಾಲು ಮಡಿಸುವುದಕ್ಕೆ ಬರುವುದಿಲ್ಲ. ಮಾಲೀಕ ಸುಣ್ಣ ಹಾಕು ಅಂತ ಯಾರು ಹೇಳಿದ್ದರು ಎಂದು ಕೇಳಿ ಕೈ ತೊಳೆದುಕೊಂಡ. ಡೈರೆಕ್ಟರಮ್ಮ ನಾಲ್ಕು ಸಲ ಬಂದಳು. ಪ್ರತಿ ಸಲವೂ ಹಣ್ಣು ತಂದಳು, ಪ್ರತಿ ಸಲವೂ ಅತ್ತಳು. ನಾನು ಅವಳಿಗೆ ಒಂದೇ ಒಂದು ಕೇಳಿದೆ. ಆ ಭಾಗ ಚಿತ್ರದಿಂದ ತೆಗೆದುಬಿಡಿ ಎಂದೆ.

"ಅದನ್ನ ತೆಗೆದರೆ ಚಿತ್ರವೇ ಇರಲ್ಲಮ್ಮ. ಆ ಮುಖದಲ್ಲಿ ನಿಮ್ಮ ಇಡೀ ಜನ ಇದ್ದಾರೆ."

ಹಾಗಾದರೆ ಕಾಲು ಸುಟ್ಟಿತು ಎಂದಾದರೂ ಕೆಳಗೆ ಒಂದು ಸಾಲು ಬರೆಯಿರಿ ಎಂದೆ. ಅದು ಬೇರೆ ಚಿತ್ರ ಆಗುತ್ತೆ ಎಂದಳು.

ಚಿತ್ರ ತೋರಿಸುವ ದಿನ ನಮಗೂ ಕಾರು ಕಳಿಸಿದರು. ದೊಡ್ಡ ಹಾಲ್, ಮೆತ್ತನೆಯ ಕುರ್ಚಿ, ಮೈ ಜುಮ್ಮೆನ್ನುವಷ್ಟು ತಣ್ಣಗಿನ ಗಾಳಿ. ಅಪ್ಪನನ್ನು ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿಗೆ ತಂದೆವು. ಹಿಂದಿನ ಸಾಲಿನ ಹೆಂಗಸು ಕರವಸ್ತ್ರ ತೆಗೆದದ್ದನ್ನು ನೋಡಿದೆ. ಅಳುವುದಕ್ಕೆ ಇನ್ನೂ ಹೊತ್ತಿತ್ತು, ಮೂಗಿಗೆ ಇಟ್ಟುಕೊಂಡಳು. ದೀಪ ಆರಿತು. ತೊಗಲು ಬಂತು, ಓಣಿ ಬಂತು, ಅಪ್ಪನ ಬೆರಳು ಬಂತು. ಆಮೇಲೆ ಆ ಮುಖ ಬಂತು. ಗೋಡೆಯಷ್ಟು ದೊಡ್ಡ ಮುಖ. ಇವರು ಸೋಲನ್ನು ಅರಿಯದವರು, ತಲೆಮಾರುಗಳ ತಾಳ್ಮೆ ಈ ಒಂದು ಮುಖದಲ್ಲಿ ಮನೆ ಮಾಡಿದೆ ಎಂದು ಒಂದು ಇಂಪಾದ ದನಿ ಹೇಳಿತು.

ಅಪ್ಪ ನನ್ನ ತೋಳು ಜಗ್ಗಿದ. ಕತ್ತಲಲ್ಲೇ ಕಿವಿಯ ಹತ್ತಿರ ಬಂದು ಹೇಳಿದ.

"ಕಾಲು ಉರೀತಿತ್ತು ಕಣೇ. ಅದಕ್ಕೇ ಮುಖ ಹಾಗಾಗಿತ್ತು. ಯಾರಿಗಾದ್ರೂ ಹೇಳೇ."

ದೀಪ ಹತ್ತಿತು. ನಮ್ಮನ್ನು ವೇದಿಕೆಗೆ ಕರೆದರು. ಪರಂಪರೆಯ ಬಗ್ಗೆ ಎರಡು ಮಾತಾಡಿ ಎಂದು ನನ್ನ ಕೈಗೆ ಮೈಕು ಕೊಟ್ಟರು. ಹೇಳಿದೆ. ನಮ್ಮಪ್ಪನ ಕಾಲು ಸುಣ್ಣದಲ್ಲಿ ಬೇಯುತ್ತಿತ್ತು, ನೀವು ನೋಡಿದ್ದು ತಾಳ್ಮೆಯಲ್ಲ, ನೋವು ಎಂದೆ. ಕಾಲಿನ ಎಣ್ಣೆ ಒರೆಸಿದ್ದು ಹೇಳಿದೆ. ಮೂರು ಬೆರಳು ಹೋದದ್ದು ಹೇಳಿದೆ. ಈಗ ಯಾರಾದರೂ ಎದ್ದು ಕೇಳುತ್ತಾರೆ ಅಂದುಕೊಂಡೆ. ಒಬ್ಬರು ಎದ್ದರು. ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಎದ್ದರು. ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಡೈರೆಕ್ಟರಮ್ಮ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ನನಗೆ ಅವತ್ತು ಆದಷ್ಟು ಅವಮಾನ ಬಸ್ಸಿನಲ್ಲಿ ಯಾವತ್ತೂ ಆಗಿರಲಿಲ್ಲ.

ಅದೇ ವೇದಿಕೆಯ ಮೇಲೆ ಮಾಲೀಕ ಮೈಕು ಹಿಡಿದ. ಚಿತ್ರ ನೋಡಿದ ಮೇಲೆ ತನ್ನ ಕಣ್ಣು ತೆರೆಯಿತಂತೆ. ಮೂರನೇ ಗುಂಡಿಯನ್ನು ಮುಚ್ಚುವುದಿಲ್ಲವಂತೆ. ಹಳೇ ಶೆಡ್ಡಿಗೆ ಸುಣ್ಣಬಣ್ಣ ಮಾಡಿಸಿ ನೋಡುವವರಿಗೆ ತೆರೆಯುತ್ತಾನಂತೆ. ದಿನಕ್ಕೆ ಎರಡು ಹೊತ್ತು ಕಸುಬಿನವರು ಗುಂಡಿಗೆ ಇಳಿದು ಹಿಂದಿನ ರೀತಿಯಲ್ಲೇ ಕೆಲಸ ಮಾಡಿ ತೋರಿಸುತ್ತಾರಂತೆ. ಅಪ್ಪನ ಜಾಗದಲ್ಲಿ ಮಗಳು ನಿಲ್ಲುತ್ತಾಳೆ ಎಂದು ನನ್ನ ಕಡೆ ಕೈ ತೋರಿಸಿದ. ಅದಕ್ಕೂ ಚಪ್ಪಾಳೆ ಬಿತ್ತು.

ಮಾರನೇ ವಾರ ಮೇಸ್ತ್ರಿ ಹೆಸರು ಓದಿದ. ನಾಲ್ಕು ಜನ ಹೆಂಗಸರು, ಮೊದಲು ನನ್ನ ಹೆಸರು, ಎರಡನೆಯದು ದಪ್ಪಕ್ಕನದು. ಬೂಟು, ಕೈಗವಸು ಹಾಕುವಂತಿಲ್ಲ. ಸುಣ್ಣ ನಿಜದ್ದೇ ಇರಬೇಕು, ಬಂದವರು ತೊಗಲು ಮುಟ್ಟಿ ನೋಡುತ್ತಾರೆ. ಇಳಿಯದವರು ಗೇಟಿನ ಆಚೆ. ನಾನು ಅವತ್ತು ಮಾಲೀಕ ಸಹಿ ಹಾಕಿದ್ದ ಕಾಗದ ಹಿಡಿದು ಕಚೇರಿಗೆ ಹೋದೆ. ಮಾಲೀಕ ಅದನ್ನು ಓದಲಿಲ್ಲ.

"ಅದು ಕಾರ್ಖಾನೆಗೆ. ಇದು ಕಾರ್ಖಾನೆ ಅಲ್ಲ, ಸಂಸ್ಕೃತಿ. ನಿಮ್ಮಪ್ಪನೇ ಖುಷಿಯಿಂದ ಇಳಿದಿದ್ದನ್ನ ಊರೆಲ್ಲ ನೋಡಿದೆ."

ನಾನು ಮನೆಗೆ ಬಂದೆ. ಅಪ್ಪನಿಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. ಅವನು ಕಾಲಿನ ಬ್ಯಾಂಡೇಜು ಸವರಿಕೊಂಡ. ಅವನ ಮರ್ಯಾದೆಯ ಜಾಗ ಅದು. ಅವನ ಬಾಯಿಂದ ಏನು ಬರುತ್ತದೋ ಎಂದು ನನಗೆ ಹೆದರಿಕೆ. ನೀನು ಇಳಿಯಬೇಡ, ಬೇರೆ ಯಾರನ್ನೂ ಇಳಿಸಬೇಡ ಎಂದ. ನಾನು ಅತ್ತೆ. ನಲವತ್ತು ವರ್ಷದ ಕಸುಬನ್ನು ಅವನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟಿದ್ದ.

ಶೆಡ್ಡು ತೆರೆಯುವ ದಿನ ಹತ್ತು ಗಂಟೆಗೆ ದೊಡ್ಡವರು ಬರುವುದಿತ್ತು. ನಾವು ಏಳಕ್ಕೇ ಹೋದೆವು. ಪಟ್ಟಿಯಲ್ಲಿದ್ದ ನಾಲ್ವರು, ಕಾರ್ಖಾನೆಯ ಇನ್ನೂ ಏಳು ಜನ, ಒಟ್ಟು ಹನ್ನೊಂದು ಹೆಂಗಸರು. ಯಾರೂ ಭಾಷಣ ಮಾಡಲಿಲ್ಲ. ಶೆಡ್ಡು ರಿಪೇರಿ ಮಾಡಿದವರು ಹಿತ್ತಲಲ್ಲಿ ಇಟ್ಟಿಗೆ ಚೂರು, ಮಣ್ಣು ಗುಡ್ಡೆ ಹಾಕಿ ಬಿಟ್ಟಿದ್ದರು. ಗುದ್ದಲಿ, ಬಾಣಲಿ ಅಲ್ಲೇ ಇದ್ದವು. ಮೊದಲ ಬಾಣಲಿ ದಪ್ಪಕ್ಕ ಸುರಿದಳು. ಸುಣ್ಣದ ನೀರು ಬುಳುಕ್ಕೆಂದು ನುಂಗಿತು. ಅವಳು ಏನೋ ಗೊಣಗಿದಳು, ಗಂಡನಿಗೋ ಗುಂಡಿಗೋ ಗೊತ್ತಾಗಲಿಲ್ಲ. ಆಮೇಲೆ ನಾವು ನಿಲ್ಲಲಿಲ್ಲ. ನಾನು ತುಂಬಿ ಕೊಡುವುದು, ಅವರು ಸಾಲಾಗಿ ದಾಟಿಸುವುದು, ಅವಳು ಸುರಿಯುವುದು. ಸೊಂಟ ಬಿದ್ದುಹೋಯಿತು. ರಬ್ಬರಿನೊಳಗೆ ಕೈ ಬೆವರಿ ಜಾರುತ್ತಿತ್ತು. ಮೇಸ್ತ್ರಿ ಬಂದು ಕೂಗಾಡಿದ, ಮಾಲೀಕನಿಗೆ ಫೋನು ಮಾಡಲು ಓಡಿದ. ಎರಡೂವರೆ ಗಂಟೆಯಲ್ಲಿ ಗುಂಡಿ ನೆಲಕ್ಕೆ ಸಮವಾಯಿತು. ಮೇಲೆ ನಿಂತು ತುಳಿದೆವು.

ತಲೆ ಎತ್ತಿದರೆ ಬಾಗಿಲಲ್ಲಿ ಡೈರೆಕ್ಟರಮ್ಮ. ಶೆಡ್ಡು ತೆರೆಯುವುದನ್ನು ಚಿತ್ರ ತೆಗೆಯಲು ಬಂದಿದ್ದಳು. ಪಕ್ಕದಲ್ಲಿ ಕ್ಯಾಮೆರಾದವನು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಹತ್ತಿರ ಬಂದು ನನ್ನ ಭುಜ ಹಿಡಿದಳು. ಅವಳ ದನಿಯಲ್ಲಿ ಒಂದಿಷ್ಟೂ ಕಪಟವಿರಲಿಲ್ಲ, ಅದನ್ನು ಇವತ್ತಿಗೂ ಹೇಳುತ್ತೇನೆ.

"ಎಂಥಾ ಶಕ್ತಿ ನಿಮ್ಮದು. ನಾವು ಬರೋದು ತಡವಾಯ್ತು, ಕೊನೆಯದಷ್ಟೇ ಸಿಕ್ತು. ಕೊನೆಯ ನಾಲ್ಕೈದು ಬಾಣಲಿ ಮತ್ತೆ ಹಾಕಿ ತೋರಿಸ್ತೀರಾ? ಈ ಕಡೆಯಿಂದ ಹಾಕಿದರೆ ಮುಖಕ್ಕೆ ಬೆಳಕು ಬೀಳುತ್ತೆ."

ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಮಣ್ಣಿನ ಜೊತೆ ಒಳಗೆ ಹೋಗಿತ್ತು. ಗುದ್ದಲಿ ಅವಳ ಕೈಗೆ ಕೊಟ್ಟೆ.

"ಆಗಲಿ ಮೇಡಂ. ಮೊದಲು ನೀವು ಇದನ್ನೆಲ್ಲ ಅಗೆದು ಹೊರಗೆ ಹಾಕಿ. ತಳದಲ್ಲಿ ಸುಣ್ಣ ಇದೆ, ಇಳಿದೇ ತೆಗೀಬೇಕು. ತೆಗೆದಾದ ಮೇಲೆ ಕರೀರಿ, ಬಂದು ಮುಚ್ತೀವಿ."

ಅವಳು ನಕ್ಕಳು. ನಾನು ನಗಲಿಲ್ಲ, ದಪ್ಪಕ್ಕನೂ ನಗಲಿಲ್ಲ. ಅವಳ ನಗು ನಿಂತಿತು. ಕ್ಯಾಮೆರಾದವನು ಅವಳನ್ನು ನೋಡಿದ, ಕ್ಯಾಮೆರಾ ಕೆಳಗಿಳಿಸಿದ. ಗುದ್ದಲಿಯನ್ನು ಎಲ್ಲಿ ಹಿಡಿಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಗುಂಡಿಯನ್ನೇ ನೋಡುತ್ತಾ ನಿಂತಳು. ಗೇಟಿನ ಹತ್ತಿರ ಮಾಲೀಕನ ಕಾರು ಬಂದು ನಿಂತ ಸದ್ದು ಕೇಳಿಸಿತು. ನಾವು ಹನ್ನೊಂದು ಜನ ಅವಳ ಪಕ್ಕದಿಂದ ಹಾದು ಗೇಟಿನ ಕಡೆ ನಡೆದೆವು.